ಉಂಡ ಮನೆಯಲ್ಲಿ ಒಲ್ಲೆ ಎನ್ನುವುದು

ಅಮೆರಿಕದ ಸಮಾಜವನ್ನು ಹೊರಗಿನವರಿಗೆ ಪರಿಚಯಿಸುವ ವಿಶ್ವವಿದ್ಯಾಲಯದ ಬೇಸಿಗೆ ಕೋರ್ಸೊಂದಕ್ಕೆ ಈ ವರ್ಷ ಅರ್ಜಿ ಹಾಕಿದ್ದೇನೆ. "ಅವರ ದುಡ್ಡಲ್ಲಿ ಹೋದಮೇಲೆ ಅವರ ಮಾತನ್ನೇ ಆಡಬೇಕಲ್ಲವೇ?" ಎಂದು ಗೆಳತಿ ಕೇಳಿದಳು.

ಅನುಮಾನಕ್ಕೆ ಕಾರಣವಿದೆ. ಹಾರ್ವರ್ಡ್‌ನಲ್ಲಿ 1951ರಲ್ಲಿ ಹೆನ್ರಿ ಕಿಸಿಂಜರ್ ಶುರುಮಾಡಿದ ಬೇಸಿಗೆ ಸೆಮಿನಾರಿಗೆ ಸಿಐಎ ಹಣವೂ ಬಂದಿತ್ತು. 1957ರ ಅತಿಥಿಗಳಲ್ಲಿ ಟರ್ಕಿಯ ಬುಲೆಂಟ್ ಎಜೆವಿಟ್ ಒಬ್ಬರು: ಪತ್ರಕರ್ತ, ಕವಿ, ಟ್ಯಾಗೋರ್ ಮತ್ತು ಎಲಿಯಟ್‌ರ ಅನುವಾದಕ. 1974ರಲ್ಲಿ ಅವರು ಪ್ರಧಾನಿ. ಕಿಸಿಂಜರ್ ಅಮೆರಿಕದ ವಿದೇಶಾಂಗ ಸಚಿವ. ಅಮೆರಿಕದ ಒತ್ತಡದಿಂದ ಬಂದಿದ್ದ ಗಸಗಸೆ ಬೆಳೆಯ ನಿಷೇಧವನ್ನು ಎಜೆವಿಟ್ ಜುಲೈನಲ್ಲಿ ತೆಗೆದರು. ಅದೇ ತಿಂಗಳು, ಅಮೆರಿಕ ಬೇಡವೆಂದರೂ, ಸೈಪ್ರಸ್‌ಗೆ ಸೈನ್ಯ ಇಳಿಸಿದರು. ಅದು ಸರಿಯೇ ಎಂಬುದು ಬೇರೆ ಚರ್ಚೆ.

ಉಂಡ ಮನೆಗೆ ಎರಡು ಬಗೆಯುವುದು ಬೇರೆ, ಆ ಮನೆಯನ್ನು ಅರಿತು 'ಒಲ್ಲೆ' ಎನ್ನುವುದು ಬೇರೆ. ಒಪ್ಪದ ಪುಸ್ತಕವನ್ನೂ ಸಾಲುಸಾಲಾಗಿ ಅರ್ಥಮಾಡಿಕೊಂಡು ಅನುವಾದಿಸುವ ನನ್ನಂಥವರಿಗೆ ಇದು ದಿನನಿತ್ಯದ ಕೆಲಸ.