ಕುಣಿಯುವ ಲಂಗ

ಹೊಲಿಗೆ ಬರುತ್ತದೆ ಎಂದು ಒಮ್ಮೆ ಗೊತ್ತಾದರೆ ಚಾಮರಾಜನಗರದಲ್ಲಿ ಹೆಂಗಸಿಗೆ ಬ್ಲೌಸಿನಿಂದ ಬಿಡುಗಡೆ ಇಲ್ಲ. ಬೇರೆ ಊರುಗಳಲ್ಲಿ ಆಷಾಢ ಬಂತೆಂದರೆ ಮದುವೆಗಳು ನಿಂತು ಮಿಷನ್ನಿಗೂ ಒಂದಿಷ್ಟು ಬಿಡುವು. ನಮ್ಮೂರಲ್ಲಿ ಆಷಾಢದಲ್ಲೇ ಚಾಮರಾಜೇಶ್ವರನ ತೇರು. ಹೊಸದಾಗಿ ಮದುವೆಯಾದ ಜೋಡಿಗಳೆಲ್ಲ ತೇರಿಗೆ ಹಣ್ಣು ದವನ ಎಸೆಯಲು ಬರುತ್ತಾರೆ, ಬರುವ ಮುಂಚೆ ಹೊಸ ಸೀರೆಗೆ ಹೊಸ ಬ್ಲೌಸ್ ಆಗಲೇಬೇಕು. ಕಂಕುಳು, ಡಾಟು, ಹುಕ್ಕು, ಮತ್ತೆ ಕಂಕುಳು. ಬ್ಲೌಸನ್ನು ನಾನು ಊರಿಗಾಗಿ ಹೊಲಿಯುತ್ತೇನೆ. ಲಂಗವನ್ನು ನನಗಾಗಿ ಹೊಲಿಯುತ್ತೇನೆ, ತೊಡುವವರು ಯಾರೇ ಆಗಿರಲಿ.

ಅದರಲ್ಲೂ ಕುಣಿಯುವವರು ತೊಡುವ ಲಂಗ. ಶಾಲಾ ವಾರ್ಷಿಕೋತ್ಸವದ ಕೋಲಾಟಕ್ಕೆ, ಡಾಂಡಿಯಾಕ್ಕೆ ಎಂದು ಹೊಲಿಯುತ್ತಿದ್ದವಳನ್ನು ಬೆಲ್ಲಿ ಡಾನ್ಸಿನ ಲಂಗಕ್ಕೆ ಎಳೆದು ತಂದವಳು ತಂಗಿಯ ಮಗಳು. ಬೆಂಗಳೂರಿನಲ್ಲಿ ಕೆಲಸ, ಸಂಜೆ ಆ ನೃತ್ಯದ ಕ್ಲಾಸು. ‘ದೊಡ್ಡಮ್ಮ, ಆನ್‌ಲೈನಲ್ಲಿ ಸಿಗೋದೆಲ್ಲ ಎರಡು ಸುತ್ತು ಸುತ್ತಿದ್ರೆ ಜಾರತ್ತೆ’ ಎಂದು ಒಂದು ಕಾಗದದ ಲಕೋಟೆ ತಂದುಕೊಟ್ಟಳು. ಒಳಗೆ ಕಡ್ಲೆಪುರಿ ಪೊಟ್ಟಣಕ್ಕೂ ಬಾರದಷ್ಟು ತೆಳುವಾದ ಹಾಳೆಯಲ್ಲಿ ಅಚ್ಚು ಹಾಕಿದ, ಆರು ಕಲಿಗಳ, ಅಂದರೆ ಆರು ಉದ್ದ ತುಂಡುಗಳ, ಲಂಗದ ಪ್ಯಾಟರ್ನ್. ಅವಳ ಅಮ್ಮನಿಗೆ ಈ ನೃತ್ಯವೆಂದರೆ ಮುಜುಗರ. ನಾನು ನೆನಪಿಸಿದೆ: ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ ‘ಶೋಲೆ’ಯಲ್ಲಿ, 1975ರಲ್ಲಿ, ಹೆಲೆನ್ ಸೊಂಟ ತಿರುಗಿಸಿದ್ದನ್ನು ನಾವಿಬ್ಬರೂ ಅಪ್ಪನ ಪಕ್ಕದಲ್ಲೇ ಕೂತು ನೋಡಿದ್ದೆವು. ಆಗಿಲ್ಲದ ಮುಜುಗರ ಈಗೆಲ್ಲಿಂದ ಬಂತು?

ಪ್ಯಾಟರ್ನ್ ಹಾಳೆ ನಮ್ಮ ಕಡೆಯ ಪದ್ಧತಿಯಲ್ಲ. ನಮ್ಮಲ್ಲಿ ಇರುವುದು ಅಳತೆ ಬ್ಲೌಸು: ಸರಿಯಾಗಿ ಕೂರುವ ಒಂದು ಹಳೆಯ ಬ್ಲೌಸನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು ‘ಇದರಂತೆಯೇ, ತೋಳು ಮಾತ್ರ ಒಂದಿಂಚು ಉದ್ದ’ ಎಂದು ಕೊಟ್ಟು ಹೋಗುವುದು. ಹೊಲಿಗೆ ಕ್ಲಾಸಿನಲ್ಲಿ ಹಳೆಯ ದಿನಪತ್ರಿಕೆಯ ಮೇಲೆ ಪೇಪರ್ ಕಟಿಂಗ್ ಮಾಡಿಸುತ್ತಾರೆ ನಿಜ, ಆದರೆ ಅದು ಕಲಿಯುವವರೆಗೆ ಮಾತ್ರ. ಕೈ ಪಳಗಿದ ಮೇಲೆ ಸೀದಾ ಬಟ್ಟೆಯ ಮೇಲೇ ಚಾಕ್ ಎಳೆಯುವುದು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಎಬೆನೆಜರ್ ಬಟರಿಕ್ ಎಂಬ ದರ್ಜಿ 1863ರಲ್ಲಿ ಬೇರೆ ಬೇರೆ ಸೈಜುಗಳ ಕಾಗದದ ಪ್ಯಾಟರ್ನುಗಳನ್ನು ಮಾರಲು ಶುರುಮಾಡಿದನಂತೆ. ಅಳತೆ ತೆಗೆಯುವ ದರ್ಜಿಯೇ ಅಳತೆ ತೆಗೆಯದ ಉಪಾಯ ಕಂಡುಕೊಂಡದ್ದು ತಮಾಷೆಯೇ. ಕಷ್ಟವೆಂದರೆ ಆ ಸೈಜುಗಳು ಯಾವುದೋ ಸರಾಸರಿ ಹೆಂಗಸಿನದು. ಆ ಹೆಂಗಸನ್ನು ನಾನು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲೂ ಕಂಡಿಲ್ಲ, ಇಲ್ಲಿನ ರಥದ ಬೀದಿಯಲ್ಲೂ ಕಂಡಿಲ್ಲ. ಮೇಲಾಗಿ ಅವಳು ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿಕೊಂಡು ಸುಮ್ಮನೆ ನಿಂತಿರುವವಳು. ನನ್ನ ಹುಡುಗಿ ಬರಿಗಾಲಿನಲ್ಲಿ ಕುಣಿಯುವವಳು.

ಹಾಗಾಗಿ ಹಾಳೆಯಲ್ಲಿ ನಾನು ಉಳಿಸಿಕೊಳ್ಳುವುದು ಒಂದನ್ನೇ: ಸೊಂಟದಿಂದ ತೊಡೆಗೆ ಇಳಿಯುವ ಆ ಪಕ್ಕದ ಬಳುಕು. ಅದನ್ನು ಬರೆದವರು ನಿಜಕ್ಕೂ ಬಲ್ಲವರು. ಆ ಗೆರೆಯನ್ನು ಕೈಯಲ್ಲಿ ಎಳೆಯಲು ನನಗಿನ್ನೂ ಅಷ್ಟು ಚೆಂದ ಬಾರದು. ಮಿಕ್ಕಿದ್ದಕ್ಕೆಲ್ಲ ಕತ್ತರಿ. ಮೊದಲು ಹೋಗುವುದು ಮೇಲ್ಭಾಗ. ಅಂಗಡಿ ಪ್ಯಾಟರ್ನಿನ ಲಂಗ ನಡುವಿನಿಂದ ಜೋತು ಬೀಳುತ್ತದೆ. ಬೆಲ್ಲಿ ಡಾನ್ಸಿನ ಲಂಗ ಹೊಕ್ಕುಳಿಂದ ನಾಲ್ಕು ಬೆರಳು ಕೆಳಗೆ, ಸೊಂಟದ ಮೂಳೆಗಳ ಮೇಲೆ ಕೂರಬೇಕು. ಎದೆಕಟ್ಟು, ಸೊಂಟಪಟ್ಟಿ, ಬರಿ ಹೊಟ್ಟೆಯ ಈ ವೇಷವೂ ಪುರಾತನದ್ದೇನಲ್ಲ. ಬಾದಿಯಾ ಮಸಾಬ್ನಿ ಎಂಬಾಕೆ ಕೈರೋದಲ್ಲಿ 1926ರಲ್ಲಿ ತೆರೆದ ಕ್ಯಾಸಿನೋದ ರಂಗದ ಮೇಲೆ, ಹಾಲಿವುಡ್ಡಿನ ಕಲ್ಪನೆಯನ್ನೂ ಬೆರೆಸಿಕೊಂಡು ರೂಢಿಗೆ ಬಂದದ್ದು. ಸಾಮಿಯಾ ಗಮಾಲ್‌ಳಂಥ ತಾರೆಯರು ಬೆಳೆದದ್ದು ಅಲ್ಲೇ. ಕುಣಿತವೆಲ್ಲ ಸೊಂಟದಲ್ಲಿರುವಾಗ ನಡುವಿನ ಮೇಲೆ ಬಟ್ಟೆ ಬಿಗಿದರೆ ನೋಡುವವರಿಗೆ ಏನೂ ಕಾಣದು. ಮೇಲಂಚನ್ನು ಹಿಂದೆ ಒಂದಿಂಚು ಏರಿಸಿ, ಮುಂದೆ ಅಷ್ಟೇ ಇಳಿಸುತ್ತೇನೆ. ಹಾಗೆ ಮಾಡದಿದ್ದರೆ ಕೂತು ಎದ್ದಾಗಲೆಲ್ಲ ಹಿಂಬದಿ ಎಳೆದು, ಮುಂಬದಿ ನೆಲ ಗುಡಿಸುತ್ತದೆ. ಜಿಪ್ಪು ಬೇಡ. ಎಲಾಸ್ಟಿಕ್ಕಿನ ಜೊತೆಗೆ ಅದೇ ಪಟ್ಟಿಯೊಳಗೆ ಒಂದು ಲಾಡಿ. ಬರೀ ಎಲಾಸ್ಟಿಕ್ಕನ್ನು ನಂಬಿ ವೇದಿಕೆ ಹತ್ತುವುದು ಧೈರ್ಯವಲ್ಲ, ಹುಚ್ಚು.

ಆರು ಕಲಿಗಳ ಘೇರು ನಡೆಯಲು ಸಾಕು, ಸುತ್ತಲು ಸಾಲದು. ಒಂದೊಂದು ಕಲಿಯನ್ನೂ ಅಂಚಿನಿಂದ ಸೊಂಟದವರೆಗೆ ಸೀಳಿ, ಬೀಸಣಿಗೆ ಬಿಚ್ಚಿದಂತೆ ಬಿಡಿಸಿ ಹೊಸ ಕಾಗದಕ್ಕೆ ಅಂಟಿಸಿದರೆ ಮೇಲೆ ಒಂದಿಂಚೂ ಹೆಚ್ಚದೆ ಕೆಳಗೆ ಬೇಕಾದಷ್ಟು ಹೆಚ್ಚುತ್ತದೆ. ಹೀಗೆ ಬಿಡಿಸುತ್ತಾ ಹೋದರೆ ಕೊನೆಗೆ ಬಂದು ನಿಲ್ಲುವುದು ಪೂರ್ತಿ ವೃತ್ತದಲ್ಲಿ, ನಾವು ಅಂಬ್ರೆಲಾ ಕಟ್ ಎನ್ನುತ್ತೇವಲ್ಲ, ಅದರಲ್ಲಿ. ಅಲ್ಲಿಗೆ ತಲುಪಿದ ಮೇಲೆ ಲಕೋಟೆಯನ್ನು ಮಡಿಸಿಟ್ಟು ಲೆಕ್ಕಕ್ಕೆ ಕೂರಬಹುದು. ಈ ಲೆಕ್ಕ ನನಗೆ ಹೈಸ್ಕೂಲಿನಲ್ಲಿ ಒಮ್ಮೆಯೂ ಕೊಡದ ಸುಖವನ್ನು ಈಗ ಕೊಡುತ್ತದೆ. ಸೊಂಟದ ಸುತ್ತಳತೆ 38 ಇಂಚು. ಅದನ್ನು 6.28ರಿಂದ ಭಾಗಿಸಿದರೆ ಒಳವೃತ್ತದ ತ್ರಿಜ್ಯ ಸುಮಾರು 6. ಹುಡುಗಿ ಎತ್ತರ. ಸೊಂಟದಿಂದ ನೆಲಕ್ಕೆ ಉದ್ದ 38. ಎರಡೂ ಕೂಡಿದರೆ 44. ಪಾಪ್ಲಿನ್, ಸ್ಯಾಟಿನ್‌ಗಳ ಪನ್ನವೂ, ಅಂದರೆ ಅಗಲವೂ, ಸರಿಯಾಗಿ 44! ಅರ್ಧ ವೃತ್ತಕ್ಕೆ 88 ಇಂಚು ಉದ್ದ, ಎರಡು ಅರ್ಧಕ್ಕೆ ನಾಲ್ಕೂವರೆ ಮೀಟರ್, ಅಂಚಿನ ಸುತ್ತಳತೆ 7 ಮೀಟರ್. ಇದನ್ನೇ ಎರಡು ವೃತ್ತ ಮಾಡಿ ಜೋಡಿಸಿದರೆ ಒಳತ್ರಿಜ್ಯ ಮೂರೇ ಇಂಚು, ಅಂಚು ಮಾತ್ರ 13 ಮೀಟರ್. ಸೊಂಟದ ಹತ್ತಿರ ಒಂದೇ ಒಂದು ನೆರಿಗೆ ಇಲ್ಲದೆ ನೆಲದ ಹತ್ತಿರ 13 ಮೀಟರ್! ನೆರಿಗೆ ಹಿಡಿದು ದಪ್ಪ ಮಾಡಿಕೊಳ್ಳುವ ಲಂಗಗಳ ಬಗ್ಗೆ ನನಗೆ ಆಮೇಲೆ ಗೌರವ ಸ್ವಲ್ಪ ಕಡಿಮೆಯಾಯಿತು.

ಬಟ್ಟೆಗೆ ಗುಂಡ್ಲುಪೇಟೆಗೆ ಹೋಗುತ್ತೇನೆ. ಚಾಮರಾಜನಗರದಲ್ಲಿ ಬಟ್ಟೆ ಸಿಗದೆಂದಲ್ಲ, ದಾರಿಗಾಗಿ. ಓಣಂ ಹತ್ತಿರವಾಗುವ ದಿನಗಳಲ್ಲಿ ಹೋದರೆ ಆ ಕಡೆಯ ಹೊಲಗಳೆಲ್ಲ ಚೆಂಡುಹೂವು, ನಡುನಡುವೆ ಸೂರ್ಯಕಾಂತಿ. ಊಟಿಗೂ ಕೇರಳಕ್ಕೂ ಹೊರಟ ಕಾರುಗಳೆಲ್ಲ ಬದಿಗೆ ನಿಂತಿರುತ್ತವೆ. ಆ ಹಳದಿಯನ್ನು ಅಷ್ಟು ಹೊತ್ತು ನೋಡಿ ಅಂಗಡಿಯೊಳಗೆ ಹೋದವಳಿಗೆ ಬೇರೆ ಬಣ್ಣ ಕಣ್ಣಿಗೇ ಹತ್ತುವುದಿಲ್ಲ. ಶಿಫಾನ್ ತೆಗೆದುಕೊಂಡರೆ ತೇಲುತ್ತದೆ, ಆದರೆ ಕತ್ತರಿಸುವಾಗ ಹಾವಿನಂತೆ ಜಾರುತ್ತದೆ. ಕೆಳಗೆ ಹಳೆಯ ನೂಲಿನ ಸೀರೆ ಹಾಸಿ, ಅದಕ್ಕೇ ಗುಂಡುಪಿನ್ನು ಚುಚ್ಚಿ ಕತ್ತರಿಸಬೇಕು. ಸ್ಯಾಟಿನ್ನಿಗೆ ತೂಕವಿದೆ, ಸುತ್ತು ನಿಂತ ಮೇಲೂ ಅರೆಗಳಿಗೆ ಸುತ್ತುತ್ತಲೇ ಇರುತ್ತದೆ. ನನ್ನ ವೋಟು ಸ್ಯಾಟಿನ್ನಿಗೆ. ನಮ್ಮ ಸೀಮೆಯ ಬೀಸು ಕಂಸಾಳೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾದಪ್ಪನ ದೇವರಗುಡ್ಡರು ಬೀಸುವ ಕಂಚಿನ ತಾಳಕ್ಕೆ ಆ ವೇಗ, ಆ ವೃತ್ತ ಬರುವುದು ತೂಕವೆಲ್ಲ ದಾರದ ತುದಿಯಲ್ಲಿ ಇರುವುದರಿಂದ. ಲಂಗಕ್ಕೂ ತೂಕ ತುದಿಯಲ್ಲೇ ಬೇಕು. ಅದಕ್ಕೇ ಮಣಿ, ಚಮಕಿಗಳನ್ನು ಮೈತುಂಬ ಚೆಲ್ಲದೆ ಅಂಚಿಗೆ ಇಳಿಸುತ್ತೇನೆ. ತೆಳು ಬಟ್ಟೆಯಾದರೆ ಅಂಚಿನ ಹೊಲಿಗೆಯೊಳಗೆ ಗಾಳದ ನೈಲಾನ್ ದಾರ ಸೇರಿಸಿದರೆ ಅಂಚು ತಾನೇ ಅಲೆಅಲೆಯಾಗಿ ನಿಲ್ಲುತ್ತದೆ.

ಇನ್ನು ಕಾಯುವ ಕೆಲಸ. ಲಕೋಟೆಯ ಚೀಟಿಯಲ್ಲಿ ಒಂದು ಸಾಲಿನಲ್ಲಿ ಮುಗಿಸಿದ್ದಾರೆ, ನನಗೆ ಅದೇ ಇಡೀ ಕಸುಬಿನ ಅತಿ ಇಷ್ಟದ ಭಾಗ. ವೃತ್ತಾಕಾರವಾಗಿ ಕತ್ತರಿಸಿದ ಬಟ್ಟೆಯಲ್ಲಿ ಹಾಸು ಹೊಕ್ಕುಗಳು ಎಲ್ಲ ಕಡೆ ಒಂದೇ ರೀತಿ ಬೀಳುವುದಿಲ್ಲ. ನಾಲ್ಕು ಕಡೆ ನೂಲು ಓರೆಯಾಗಿ ಇಳಿಯುತ್ತದೆ, ಆ ನಾಲ್ಕು ಕಡೆ ಬಟ್ಟೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಹೊಲಿದ ದಿನವೇ ಅಂಚು ಮುಗಿಸಿದರೆ ವಾರದೊಳಗೆ ಲಂಗಕ್ಕೆ ನಾಲ್ಕು ಬಾಲ. ಸೊಂಟದ ಪಟ್ಟಿ ಹೊಲಿದು, ಅದನ್ನು ಕ್ಲಿಪ್ಪುಗಳಿಗೆ ಸಿಕ್ಕಿಸಿ, ಒಂದೆರಡು ದಿನ ಬಾಗಿಲಿಗೆ ತೂಗುಹಾಕಬೇಕು. ಮನೆಯಲ್ಲಿ ಎಲ್ಲರೂ ಅದನ್ನು ಸರಿಸಿಕೊಂಡು ಓಡಾಡುತ್ತಾರೆ, ಕಾಫಿ ಲೋಟ ಹಿಡಿದು ಬಂದವರಿಗೆ ಬೈಗುಳ ಸಿಗುತ್ತದೆ. ಆಮೇಲೆ ಹುಡುಗಿಯನ್ನು ಬರಿಗಾಲಿನಲ್ಲಿ ನಿಲ್ಲಿಸಿ, ನಾನು ನೆಲದ ಮೇಲೆ ಕೂತು, ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ, ಅವಳು ಸ್ವಲ್ಪ ಸ್ವಲ್ಪವೇ ತಿರುಗಿದಂತೆ ಒಂದಿಂಚು ಎತ್ತರದಲ್ಲಿ ಚಾಕಿನ ಗುರುತು ಹಾಕುತ್ತಾ ಹೋಗುತ್ತೇನೆ. ‘ದೊಡ್ಡಮ್ಮ, ಈಗ ಸೊಂಟ ಎತ್ತಲಾ?’ ಎಂದು ಕೇಳುತ್ತಾಳೆ. ಎತ್ತಬಾರದು. ಎತ್ತಿದರೆ ಆ ಕಡೆ ಎರಡು ಬೆರಳು ಮೇಲೇರುತ್ತದೆ. ಅದು ಏರುವುದನ್ನು ವೇದಿಕೆಯ ಮೇಲೆ ಜನ ನೋಡಲಿ, ಸ್ಕೇಲು ನೋಡುವುದು ಬೇಡ.

ಈಚೆಗೆ ಅವಳು ಇನ್ನೊಂದು ಬಗೆಯ ಲಂಗ ತೋರಿಸಿದ್ದಾಳೆ. ಕ್ಯಾರೊಲೀನಾ ನೆರಿಚಿಯೊ ಎಂಬಾಕೆ 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಟ್ಟಿದ ತಂಡದಿಂದ ಬೆಳೆದ ಟ್ರೈಬಲ್ ಶೈಲಿಯದು. ಮೇಲೆ ನಮ್ಮ ಕಡೆಯ ಚೋಲಿ, ಕೆಳಗೆ ಅಂತಸ್ತು ಅಂತಸ್ತಾಗಿ ನೆರಿಗೆ ಹಿಡಿದ ಹತ್ತಿಯ ಲಂಗ, ಅಂಚು 25 ಗಜ. ನೋಡಿದರೆ ರಾಜಸ್ಥಾನದ ಘಾಗ್ರಾದ ನೆಂಟರಂತೆಯೇ ಇದೆ. ಇದಕ್ಕೆ ಪ್ಯಾಟರ್ನೇ ಬೇಡ, ಬರೀ ಉದ್ದುದ್ದ ಪಟ್ಟಿಗಳು: 3 ಗಜ, ಅದರ ಕೆಳಗೆ 6, ಅದರ ಕೆಳಗೆ 12, ಕೊನೆಗೆ 25. ನೆರಿಗೆಯನ್ನು ಹಳಿದ ಬಾಯಲ್ಲಿ ಈಗ ನೆರಿಗೆಯದೇ ಜಪ.

ವೃತ್ತದ ಲಂಗದ ಅಂಚನ್ನು ನಾನು ಮಡಿಸಿ ಹೊಲಿಯುವುದಿಲ್ಲ. ಬಳುಕುವ ಅಂಚಿನಲ್ಲಿ ಮಡಿಕೆ ಹಲ್ಲುಹಲ್ಲಾಗುತ್ತದೆ. ಸೀರೆಗೆ ಫಾಲ್, ಪೀಕೋ ಮಾಡುವ ಅಂಗಡಿಯೇ ಗತಿ. ಹಳದಿ ಸ್ಯಾಟಿನ್ನಿನ ಜೋಡಿ ವೃತ್ತ ಹೊತ್ತುಕೊಂಡು ಹೋದಾಗ ಪೀಕೋ ಮಿಷನ್ನಿನ ಹೆಂಗಸು ಅಂಚಿನ ಕೊನೆ ಹುಡುಕುತ್ತಾ ಹುಡುಕುತ್ತಾ ಸುಸ್ತಾದಳು. ಸೀರೆಯಾದರೆ ಸೆರಗು, ಒಳತುದಿ ಎರಡೂ ಸೇರಿ ಎರಡೂ ಕಾಲು ಮೀಟರ್ ಆದೀತು. ಇದು ಹೊರಟಲ್ಲಿಗೇ ಬಂದು ಸೇರುವ 13 ಮೀಟರ್. ಮುಗಿಸಿ ಕೈಗೆ ಕೊಟ್ಟು ಕೇಳಿದಳು:

‘ಆರು ಸೀರೆ ಕೆಲ್ಸ ಕನಕ್ಕ ಇದು. ಇನ್ನೂ ಇಂತವು ಅವ್ವಾ?’

25 ಗಜದ್ದು ಬರುತ್ತದೆ, ಸುಮಾರು 23 ಮೀಟರ್ ಆಗುತ್ತದೆ ಎಂದೆ.

‘ಅಂಗಾದ್ರೆ ಅಡ್ವಾನ್ಸ್ ಮಡಗ್ಬುಟ್ಟು ಓಗಿ’ ಎಂದಳು.