ವೇಗಾಸಿನ ಗಿರವಿ ಅಂಗಡಿ, ಮಟನ್ ಸ್ಟ್ರೀಟಿನ ಕಾಸು

ಲಾಸ್ ವೇಗಾಸ್ ಎಂದರೆ ನಿಮ್ಮ ಕಣ್ಣಮುಂದೆ ಬರುವುದು ಜೂಜು, ಕಾರಂಜಿ ಮತ್ತು ದೀಪಗಳು. ಆದರೆ ನಿಮ್ಮಲ್ಲಿ ಕೆಲವರಿಗೆ ಅಲ್ಲಿನ ಒಂದು ಅಂಗಡಿಯ ಪರಿಚಯವೂ ಚೆನ್ನಾಗಿಯೇ ಇದೆ ಎಂದು ಬಲ್ಲೆ. ಊಟದ ತಟ್ಟೆ ಮುಂದಿಟ್ಟುಕೊಂಡು ‘ಪಾನ್ ಸ್ಟಾರ್ಸ್’ ನೋಡುತ್ತ ಕೂತ ಮಕ್ಕಳನ್ನು ನಾನು ಬೇಕಾದಷ್ಟು ಮನೆಗಳಲ್ಲಿ ಕಂಡಿದ್ದೇನೆ. ನಮ್ಮ ಮನೆಯವರು ಮೊದಲ ಸಲ ಹೆಸರು ಕೇಳಿದಾಗ ಇದು ಬೀಡಾ ಕಟ್ಟುವವರ ಸ್ಪರ್ಧೆ ಇರಬೇಕು ಎಂದುಕೊಂಡಿದ್ದರಂತೆ! ಈ ಪಾನ್ ನಮ್ಮ ಪಾನ್ ಅಲ್ಲ. ಗಿರವಿ. ಒಡವೆ ಅಡವಿಟ್ಟು ಸಾಲ ಪಡೆಯುವ ಅಂಗಡಿ. ನಮ್ಮ ಊರುಗಳ ಮಾರವಾಡಿ ಅಂಗಡಿಯ ಅಮೆರಿಕನ್ ದಾಯಾದಿ.

2023ರಲ್ಲಿ ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ, ಮಗುವಿಗೆ ಆರು ತಿಂಗಳಾದ ಮೇಲೆ ಅಳಿಯಂದಿರು ನಮ್ಮನ್ನೆಲ್ಲ ಕಾರಿನಲ್ಲಿ ವೇಗಾಸಿಗೆ ಕರೆದೊಯ್ದರು. ಲಾಸ್ ಏಂಜಲೀಸ್ ಕಡೆಯಿಂದ ಮೊಹಾವಿ ಮರುಭೂಮಿ ದಾಟಿ ನಾಲ್ಕೈದು ಗಂಟೆಯ ದಾರಿ. ದಾರಿಯ ಇಕ್ಕೆಲದಲ್ಲೂ ಬೋಳು ಗುಡ್ಡ, ಕುರುಚಲು ಗಿಡ. ಬಿಜಾಪುರದ ಬೇಸಿಗೆ ಕಂಡ ನನಗೂ ಆ ಬಿಸಿಲು ಹೆಚ್ಚೆನಿಸಿತು. ಮಾರನೆಯ ದಿನ ಎಲ್ಲರೂ ದೊಡ್ಡ ದೊಡ್ಡ ಹೋಟೆಲುಗಳನ್ನು ನೋಡಲು ಹೊರಟರೆ ನಾನು ಮಾತ್ರ ‘ಆ ಗಿರವಿ ಅಂಗಡಿ ತೋರಿಸಿ’ ಎಂದು ಹಟ ಹಿಡಿದೆ.

ಗೋಲ್ಡ್ ಅಂಡ್ ಸಿಲ್ವರ್ ಪಾನ್ ಶಾಪ್ ಇರುವುದು ಲಾಸ್ ವೇಗಾಸ್ ಬುಲೆವಾರ್ಡಿನಲ್ಲೇ. ಆದರೆ ಹೋಟೆಲುಗಳ ಝಗಮಗದಿಂದ ಉತ್ತರಕ್ಕೆ, ಹಳೆಯ ಪೇಟೆಯ ಹತ್ತಿರ. 1989ರಲ್ಲಿ ತಂದೆ ಮಗ ಸೇರಿ ತೆರೆದ ಅಂಗಡಿ. ಇಪ್ಪತ್ತು ವರ್ಷ ಅದೊಂದು ಸಾಧಾರಣ ಗಿರವಿ ಅಂಗಡಿಯಾಗಿತ್ತು. 2009ರ ಜುಲೈಯಲ್ಲಿ ಹಿಸ್ಟರಿ ಚಾನೆಲ್ಲಿನಲ್ಲಿ ಕಾರ್ಯಕ್ರಮ ಆರಂಭವಾಯಿತು, ಅಂಗಡಿ ಯಾತ್ರಾಸ್ಥಳವಾಯಿತು. ಕಾರ್ಯಕ್ರಮದಲ್ಲಿ ಗೊಣಗುತ್ತಿದ್ದ ಹಿರಿಯ ಹ್ಯಾರಿಸನ್ ತಾತ 2018ರಲ್ಲಿ ತೀರಿಕೊಂಡರು.

ಒಳಗೆ ಕಾಲಿಟ್ಟೊಡನೆ ಮೊದಲು ಅನಿಸುವುದು: ಇಷ್ಟು ಚಿಕ್ಕದೇ! ಟಿ.ವಿ.ಯಲ್ಲಿ ಕಾಣುವ ಅರ್ಧದಷ್ಟೂ ಇಲ್ಲ. ಗಾಜಿನ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಉಂಗುರ, ಸರ, ಕೈಗಡಿಯಾರ. ಒಂದು ಕಡೆ ನಾಣ್ಯಗಳು. ಉಳಿದಂತೆ ಟಿ.ವಿ. ನಟರ ಚಿತ್ರವಿರುವ ಅಂಗಿ, ಕಾಫಿ ಬಟ್ಟಲು, ತಲೆಯಾಡಿಸುವ ಗೊಂಬೆ. ಎಂಥ ಕಂಪನಿ ಗೊಂಬೆ ಅನ್ನುತ್ತೀರಿ, ನಮ್ಮ ತಂಜಾವೂರಿನ ತಲೆಯಾಡಿಸುವ ಗೊಂಬೆಯ ಮುಂದೆ ಅದು ಏನೂ ಅಲ್ಲ. ರಿಕ್ ಇರಲಿಲ್ಲ, ಚಮ್ಲೀ ಇರಲಿಲ್ಲ. ಬಂದವರೆಲ್ಲ ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೊರಡುತ್ತಿದ್ದರು. ನಾನಿದ್ದ ಅರ್ಧ ಗಂಟೆಯಲ್ಲಿ ಯಾರೂ ಏನನ್ನೂ ಗಿರವಿ ಇಡಲು ಬಂದದ್ದು ಕಾಣಲಿಲ್ಲ. ಬಿ.ಎ.ಯಲ್ಲಿ ಶೈಲಾಕನನ್ನು ಎರಡು ವರ್ಷ ಓದಿದವಳು ನಾನು. ಸಾಲ ಕೊಡುವವನ ಅಂಗಡಿಯಲ್ಲಿ ಇಷ್ಟು ನಗುಮುಖಗಳನ್ನು ನಿರೀಕ್ಷಿಸಿರಲಿಲ್ಲ.

ಹಾಗಾದರೆ ಟಿ.ವಿ.ಯಲ್ಲಿ ನೋಡುವುದೆಲ್ಲ ಸುಳ್ಳೇ ಎಂದು ಕೇಳುತ್ತೀರಿ. ಸುಳ್ಳು ಎನ್ನುವುದಕ್ಕಿಂತ ನಾಟಕ ಎನ್ನೋಣ. ತೋರಿಸುವ ಗಿರಾಕಿಗಳನ್ನೂ ಅವರ ವಸ್ತುಗಳನ್ನೂ ಮೊದಲೇ ಆರಿಸಿರುತ್ತಾರೆ. ಚಿತ್ರೀಕರಣದ ವೇಳೆ ಬೇರೆ ಗಿರಾಕಿಗಳನ್ನು ದೂರವಿಡುತ್ತಾರೆ. ‘ನನ್ನ ಸ್ನೇಹಿತನೊಬ್ಬನನ್ನು ಕರೆಸುತ್ತೇನೆ’ ಎಂದ ಹತ್ತು ನಿಮಿಷಕ್ಕೆ ತಜ್ಞ ಹಾಜರಾಗುವುದು, ಅವನಿಗೆ ಆ ವಸ್ತುವಿನ ಇತಿಹಾಸ ಬಾಯಿಪಾಠವಾಗಿರುವುದು, ಇವೆಲ್ಲ ಪೂರ್ವಸಿದ್ಧತೆ ಇಲ್ಲದೆ ಆಗುವ ಮಾತಲ್ಲ. ಇದರಲ್ಲಿ ಯಾರ ಮನೆಯೂ ಮುಳುಗಲಿಲ್ಲ. ಆದರೆ ಅಮೆರಿಕದ ‘ಆಂಟೀಕ್ಸ್ ರೋಡ್‌ಷೋ’ ಕಾರ್ಯಕ್ರಮದಲ್ಲಿ ಮುಳುಗಿಸುವಂಥದೇ ನಡೆಯಿತು. 1997ರಲ್ಲಿ ಒಬ್ಬ ಮನುಷ್ಯ ಹಳೆಯ ಕತ್ತಿಯೊಂದನ್ನು ತಂದು, ಚಿಕ್ಕವನಿದ್ದಾಗ ಇದರಿಂದ ಕಲ್ಲಂಗಡಿ ಕತ್ತರಿಸುತ್ತಿದ್ದೆ ಎಂದ. ತಜ್ಞರು ಅದಕ್ಕೆ ಭಾರಿ ಬೆಲೆ ಕಟ್ಟಿದರು. ಇಡೀ ಪ್ರಸಂಗ ಮೊದಲೇ ಹೊಸೆದದ್ದು ಎಂದು ಆಮೇಲೆ ಹೊರಬಿತ್ತು. ಆ ಟಿ.ವಿ. ಹೆಸರನ್ನು ನಂಬಿ ಬಂದವರಿಂದ ಅಂತರ್ಯುದ್ಧ ಕಾಲದ ವಸ್ತುಗಳನ್ನು ಅಗ್ಗಕ್ಕೆ ಹೊಡೆದುಕೊಂಡ ಮೋಸವೂ ಬಯಲಾಗಿ, ತಜ್ಞರಲ್ಲಿ ಒಬ್ಬನಿಗೆ 2002ರಲ್ಲಿ ಜೈಲಾಯಿತು.

ಮುಂಬಯಿಗೆ ಮರಳಿದ ಮೇಲೆ ಕಫ್ ಪರೇಡಿನಲ್ಲಿ ನಡೆದ ಒಂದು ನಾಣ್ಯ ಮೇಳಕ್ಕೆ ಹೋಗಿದ್ದೆ. ಅಲ್ಲಿ ಎಪ್ಪತ್ತು ದಾಟಿದ ಗುಜರಾತಿ ಸಂಗ್ರಾಹಕರೊಬ್ಬರಿಗೆ ಈ ಕಾರ್ಯಕ್ರಮದ ಮಾತೆತ್ತಿದೆ. ‘ಬೆಹೆನ್‌ಜೀ, ಅದರಲ್ಲಿ ಒಂದೇ ಒಂದು ನಿಜವಿದೆ. ತಜ್ಞ ನೂರು ಎಂದರೆ ಅಂಗಡಿಯವನು ಐವತ್ತು ಕೊಡುತ್ತಾನಲ್ಲ, ಅದು’ ಎಂದು ನಕ್ಕರು. ಅವನಿಗೆ ಬಾಡಿಗೆ ಇದೆ, ಕೊಳ್ಳುವವನು ಸಿಗುವ ತನಕ ಕಾಯಬೇಕು, ಲಾಭ ಬೇಕು. ಸುಳ್ಳು ಯಾವುದು ಎಂದರೆ, ಗಾಜಿನ ಮೇಲಿಟ್ಟ ನಾಣ್ಯವನ್ನು ತೂಗದೆ, ಅಂಚು ನೋಡದೆ, ಒಂದೇ ನೋಟದಲ್ಲಿ ‘ಅಸಲಿ’ ಎನ್ನುವುದು.

ಅಸಲಿ ಎನ್ನಲು ಏನು ಬೇಕು? ಅವರು ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ. ಅಜ್ಜಿಯ ಪೆಟ್ಟಿಗೆಯಲ್ಲಿ ರಾಣಿ ವಿಕ್ಟೋರಿಯಾ ರೂಪಾಯಿ ಇದ್ದರೆ ಮೊದಲು ತೂಗಿ. 11.66 ಗ್ರಾಂ ಇರಬೇಕು. ಇದೇ ನಮ್ಮ ಹಿರಿಯರ ‘ತೊಲ’. ರೂಪಾಯಿಯೂ ತೊಲವೂ ಒಂದೇ ತೂಕ. ಸವೆದಿದ್ದರೆ ಕೊಂಚ ಕಡಿಮೆಯಾದೀತು, ಹೆಚ್ಚಾಗುವುದು ಹೇಗೆ? ಆಮೇಲೆ ಅಂಚು. ಟಂಕಸಾಲೆಯ ಅಚ್ಚು ಒತ್ತಿದ ನಾಣ್ಯದ ಅಂಚಿನ ಗೆರೆಗಳು ಚೊಕ್ಕವಾಗಿರುತ್ತವೆ. ಎರಕ ಹೊಯ್ದ ನಕಲಿಗೆ ಸುತ್ತ ಒಂದು ಸೇರಿಕೆಯ ಗೆರೆ ಉಳಿಯುತ್ತದೆ, ಇಲ್ಲವೇ ಅದನ್ನು ಅರದಿಂದ ಉಜ್ಜಿದ ಗುರುತಾದರೂ ಇರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಇಡ್ಲಿಯ ಮೇಲಿನಂತೆ ಸಣ್ಣ ಸಣ್ಣ ತೂತು.

ಇದಕ್ಕಿಂತ ಸೊಗಸಾದದ್ದು 1911ರ ರೂಪಾಯಿಯ ಕತೆ. ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆಯಿದೆ. ಆ ವರ್ಷದ ಅಚ್ಚಿನಲ್ಲಿ ಸೊಂಡಿಲು ಮೊಟಕಾಗಿ ಆನೆ ಹಂದಿಯಂತೆ ಕಂಡಿತು. ಜನ ಗುಲ್ಲೆಬ್ಬಿಸಿದರು, ಸರ್ಕಾರ ನಾಣ್ಯವನ್ನು ಹಿಂದೆಗೆದುಕೊಂಡು 1912ರಿಂದ ಆನೆಯನ್ನು ತಿದ್ದಿತು. ಈಗ 1911ರದಕ್ಕೆ ಹೆಚ್ಚು ಬೆಲೆ. ಯಾರಾದರೂ 1914ರ ನಾಲ್ಕನ್ನು ಕೆತ್ತಿ ಒಂದು ಮಾಡಿ ತಂದರೆ? ಇಸವಿ ನೋಡಬೇಡಿ, ಆನೆಯನ್ನು ನೋಡಿ. ಸೊಂಡಿಲು ನೆಟ್ಟಗಿದ್ದರೆ ನಾಣ್ಯ ನಕಲಿ!

ತಜ್ಞರೂ ಎಡವುತ್ತಾರೆ. ಅಮೆರಿಕದಲ್ಲಿ 1913ರ ಲಿಬರ್ಟಿ ನಿಕಲ್ ಎಂಬ ಐದು ಸೆಂಟಿನ ನಾಣ್ಯಗಳು ಇರುವುದು ಐದೇ ಐದು. ಅವುಗಳಲ್ಲೊಂದರ ಒಡೆಯ ಜಾರ್ಜ್ ವಾಲ್ಟನ್ 1962ರಲ್ಲಿ ನಾಣ್ಯ ಪ್ರದರ್ಶನಕ್ಕೆ ಹೋಗುತ್ತಿದ್ದಾಗ ಕಾರು ಅಪಘಾತದಲ್ಲಿ ತೀರಿಕೊಂಡ. ಪರೀಕ್ಷಿಸಿದವರು ಇಸವಿ ತಿದ್ದಿದ ನಕಲಿ ಎಂದು ವಾರಸುದಾರರಿಗೆ ಹಿಂದಿರುಗಿಸಿದರು. ಅವನ ತಂಗಿ ಅದನ್ನು ಬಿಸಾಡದೆ ಕಪಾಟಿನಲ್ಲಿಟ್ಟಳು. 2003ರಲ್ಲಿ ಬಾಲ್ಟಿಮೋರಿನಲ್ಲಿ ಉಳಿದ ನಾಲ್ಕನ್ನೂ ಪಕ್ಕದಲ್ಲಿಟ್ಟು ಆರು ಜನ ತಜ್ಞರು ನೋಡಿದಾಗ ಅದು ಅಸಲಿಯೇ ಎಂದು ತಿಳಿಯಿತು. 2013ರಲ್ಲಿ 31 ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು. ಗಮನಿಸಿ, ನಿರ್ಣಯವಾದದ್ದು ಅಸಲಿಯ ಪಕ್ಕದಲ್ಲಿಟ್ಟು ನೋಡಿದ ಮೇಲೆ. ಈಗ ಅಲ್ಲಿ ಪಿ.ಸಿ.ಜಿ.ಎಸ್., ಎನ್.ಜಿ.ಸಿ. ಎಂಬ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತವೆ. ಕಳ್ಳರು ಸುಮ್ಮನಿದ್ದಾರೆಯೇ? ಆ ಡಬ್ಬಿಗೂ ನಕಲಿ ಮಾಡಿದ್ದಾರೆ.

ಇಷ್ಟೆಲ್ಲ ಹೇಳಲು ಕಾರಣವಿದೆ. ನಮ್ಮ ಕಟ್ಟಡದಲ್ಲೇ ಇರುವ ಹುಡುಗನೊಬ್ಬ, ಒಳ್ಳೆಯ ಕೆಲಸದಲ್ಲಿರುವವನು, ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ ರಾಮ, ಸೀತೆ, ಹನುಮಂತರ ಚಿತ್ರವಿರುವ ನಾಣ್ಯ ಕಂಡ. ಒಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818 ಎಂದಿದೆ. ಫೋನಿನಲ್ಲಿ ಯಾರೋ ಹತ್ತು ಲಕ್ಷಕ್ಕೆ ಕೊಳ್ಳುತ್ತೇನೆ ಎಂದ. ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ರಿಸರ್ವ್ ಬ್ಯಾಂಕಿನ ಅನುಮತಿ ಪತ್ರದ ಖರ್ಚು; ಹೀಗೆ ಹುಡುಗನಿಂದ 18,000 ರೂಪಾಯಿ ಕಳಚಿಕೊಂಡು ಮಾಯವಾದ. ತನ್ನ ಹೆಸರಿನಲ್ಲಿ ಇಂಥ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಸಿತ್ತು. ಅಜ್ಜಿಗೆ ಹಣಕ್ಕಿಂತ ಹೆಚ್ಚು ನೋವಾದದ್ದು, ಅವನು ಸಿಟ್ಟಿನಲ್ಲಿ ಅದನ್ನು ‘ಡುಪ್ಲಿಕೇಟ್’ ಎಂದು ಎಸೆದದ್ದು.

ಅಸಲು ಸಂಗತಿ ಏನೆಂದರೆ ಕಂಪನಿಯವರು 1818ರಲ್ಲಿ ಅಂಥ ಅರ್ಧ ಆಣೆ ಹೊರಡಿಸಲೇ ಇಲ್ಲ. ಮದರಾಸಿನಲ್ಲಿ ವೆಂಕಟೇಶ್ವರನ ಚಿತ್ರವಿದ್ದ ವರಹವನ್ನು ಅವರು ಅಚ್ಚು ಹಾಕಿದ್ದು ನಿಜ. ಈ ರಾಮಪಟ್ಟಾಭಿಷೇಕದ ಬಿಲ್ಲೆ ಮಾತ್ರ ಚಲಾವಣೆಯ ನಾಣ್ಯವಲ್ಲ. ಇಂಥವನ್ನು ರಾಮಟಂಕಿ ಎನ್ನುತ್ತಾರೆ, ಪೂಜೆಗೆಂದೇ ಮಾಡಿದ್ದು. ನಾಣ್ಯವೆಂದು ಮಾರಿದರೆ ಮೋಸ. ದೇವರ ಮುಂದಿಟ್ಟರೆ ಅದರಲ್ಲಿ ನಕಲಿ ಏನಿದೆ? ಅಂದ ಹಾಗೆ, ದೀಪಾವಳಿಯ ಲಕ್ಷ್ಮೀಪೂಜೆಗೆ ನಾವು ಬೆಳ್ಳಿ ರೂಪಾಯಿಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆಂದು ಕೇಳಿ ಆ ಗುಜರಾತಿ ಹಿರಿಯರು ತಲೆಯ ಮೇಲೆ ಕೈಹೊತ್ತರು. ತಿಕ್ಕಿದರೆ ಸಂಗ್ರಾಹಕರಿಗೆ ಬೇಡವಂತೆ. ಬೇಡವಾದರೆ ಬಿಡಲಿ, ಲಕ್ಷ್ಮಿಗೆ ಹೊಳೆಯುವುದೇ ಬೇಕು.

ಮತ್ತೊಂದು ಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು, ಅದನ್ನು ಹೊರದೇಶಕ್ಕೆ ಒಯ್ಯುವಂತಿಲ್ಲ. ಹಾಗಾಗಿ ಅಜ್ಜಿಯ ವರಹ ಜೇಬಿಗೆ ಹಾಕಿಕೊಂಡು ವೇಗಾಸಿನ ವಿಮಾನ ಹತ್ತುವ ಯೋಚನೆ ಬೇಡ.

ಅದರ ಬದಲು ಒಂದು ಶನಿವಾರ ನಮ್ಮ ಫೋರ್ಟಿಗೆ ಹೋಗಿ. ಸಿ.ಎಸ್.ಟಿ.ಯಲ್ಲಿ ಇಳಿದು ನಡೆದರೆ ಫಿರೋಜ್‌ಶಾ ಮೆಹ್ತಾ ರಸ್ತೆಯಲ್ಲಿ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯವಿದೆ. 2004ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದ್ದು. ತಂಪಾದ ಕೋಣೆ, ಗದ್ದಲವಿಲ್ಲ, ಯಾರೂ ಏನನ್ನೂ ಮಾರುವುದಿಲ್ಲ. ಅಸಲಿ ಹೇಗಿರುತ್ತದೆಂದು ಕಣ್ಣಿಗೆ ಅಭ್ಯಾಸವಾಗಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿಂದ ಮುಂದೆ ಟೌನ್ ಹಾಲಿನ ಕಡೆ ಹೋದರೆ 1829ರ ಟಂಕಸಾಲೆ. ಒಳಗೆ ಬಿಡುವುದಿಲ್ಲ, ಆದರೆ ನಿಮ್ಮ ಜೇಬಿನ ನಾಣ್ಯದ ಇಸವಿಯ ಕೆಳಗೆ ಪುಟ್ಟ ವಜ್ರಾಕೃತಿ ಇದ್ದರೆ ಅದು ಹುಟ್ಟಿದ್ದು ಆ ಗೋಡೆಯ ಹಿಂದೆ. ನಕ್ಷತ್ರವಿದ್ದರೆ ಹೈದರಾಬಾದು.

ನೀವು ಹಣ, ದುಡ್ಡು, ಕಾಸು ಎಂದು ಮನೆಯಲ್ಲಿ ಆಡುವ ಮಾತುಗಳೆಲ್ಲ ಒಂದೊಂದು ನಾಣ್ಯದ ಹೆಸರು. ಹಣ ಎಂದರೆ ಕುಂಕುಮದ ಬೊಟ್ಟಿನಷ್ಟು ಚಿಕ್ಕ ಚಿನ್ನದ ನಾಣ್ಯ. ಮೈಸೂರಿನ ಕಂಠೀರವ ನರಸರಾಜ ಒಡೆಯರು ಅದರ ಮೇಲೆ ನರಸಿಂಹನನ್ನು ಮೂಡಿಸಿದರು. ಅಚ್ಯುತರಾಯನ ವರಹದಲ್ಲಿ ಗಂಡಭೇರುಂಡವಿದೆ. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದು ‘ಶ್ರೀ ತಳಕಾಡುಗೊಂಡ’ ಎಂದು ಚಿನ್ನದ ಮೇಲೆ ಕನ್ನಡದಲ್ಲಿ ಬರೆಸಿದ. ನಕಲಿ ಮಾಡುವವರು ಎಡವುವುದು ಇಲ್ಲೇ ಎಂದು ಆ ಹಿರಿಯರು ಹೇಳಿದರು. ಅಕ್ಷರ ತಿಳಿಯದವನು ಚಿತ್ರದಂತೆ ನೋಡಿ ಗೀಚುತ್ತಾನೆ. ಓದಲು ಬಲ್ಲವನಿಗೆ ಒತ್ತು, ದೀರ್ಘ ತಪ್ಪಿದ್ದು ಥಟ್ಟನೆ ಕಾಣುತ್ತದೆ.

ಕೊನೆಗೆ ಮಟನ್ ಸ್ಟ್ರೀಟ್, ಚೋರ್ ಬಜಾರ್. ಶುಕ್ರವಾರ ಬಿಟ್ಟು ಹೋಗಿ, ಅಂದು ಹಳೆಯ ವಸ್ತುಗಳ ಅಂಗಡಿಗಳಿಗೆ ರಜೆ. ಗ್ರಾಮಫೋನು, ಸಿನಿಮಾ ಪೋಸ್ಟರು, ಹಡಗಿನ ಗಡಿಯಾರಗಳ ನಡುವೆ ಒಂದು ತಟ್ಟೆ ತುಂಬ ತಾಮ್ರದ ಕಾಸುಗಳಿದ್ದವು. ಆನೆಯಿರುವ ಒಂದನ್ನು ಎತ್ತಿಕೊಂಡೆ. ‘ಮದ್ರಾಸೀ ಸಿಕ್ಕಾ, ಮುನ್ನೂರು’ ಎಂದ ಹುಡುಗ. ಆನೆಯ ಮೇಲೆ ಸೂರ್ಯಚಂದ್ರರ ನಡುವೆ ‘ಶ್ರೀ’. ಹಿಂದೆ ತಿರುಗಿಸಿ ಬೆಳಕಿಗೆ ಹಿಡಿದು ಓದಿದೆ: ಮಯಿಲಿ ಕಾಸು 20. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ‘ಆಂಟಿ, ನಿಮಗೆ ಇದು ಓದಲು ಬರುತ್ತದೆಯೇ?’ ಎಂದು ಹುಡುಗ ಸ್ಟೂಲು ಹಾಕಿದ, ಚಹಾ ತರಿಸಿದ, ತಟ್ಟೆಯ ಇನ್ನೂ ಐದಾರನ್ನು ಮುಂದಿಟ್ಟ. ಒಂದರಲ್ಲಿ ಸಿಂಹದ ಮೇಲೆ ‘ಶ್ರೀ ಚಾಮುಂಡಿ’ ಎಂದಿತ್ತು. ನಾನು ಓದಿದ್ದನ್ನೆಲ್ಲ ಅವನು ಹಿಂದಿಯಲ್ಲಿ ಚೀಟಿಗಳ ಮೇಲೆ ಬರೆದುಕೊಂಡ. ಚಹಾ ಮುಗಿಸಿ ಆನೆಯ ಕಾಸಿಗೆ ಮುನ್ನೂರು ತೆಗೆದುಕೊಟ್ಟರೆ, ಈಗ ಅದು ಮೈಸೂರು ಮಹಾರಾಜರದು, ಐನೂರು ಎಂದುಬಿಟ್ಟ! ಅರ್ಧ ಗಂಟೆ ಚೌಕಾಸಿ ಮಾಡಿ ನಾನೂರಕ್ಕೆ ತಂದೆ. ತೂಗಿದ್ದೇನೆ, ಅಂಚು ನೋಡಿದ್ದೇನೆ. ಹುಣಸೆಹಣ್ಣು ಇನ್ನೂ ಹಾಕಿಲ್ಲ.