ಕರೆಂಟು ಹರಿಯದ ಹಗ್ಗ

ಮುಂಬಯಿಯ ಉಪನಗರವೊಂದರಲ್ಲಿ ನೆಲೆಸಿರುವ ಆ ನಿವೃತ್ತ ಇಂಜಿನಿಯರರ ಮೇಜಿನ ಮೇಲೆ ಗೇಣುದ್ದದ ಕಪ್ಪು ಕೇಬಲಿನ ತುಂಡೊಂದಿದೆ. ಕಾಗದ ಹಾರದಿರಲೆಂದು ಇಟ್ಟ ಭಾರವೆಂದೇ ಬಂದವರು ತಿಳಿಯುತ್ತಾರೆ. ಅದರ ಒಂದು ತುದಿ ಗರಗಸದಿಂದ ಕೊಯ್ದದ್ದು. ಇನ್ನೊಂದು ಸುಟ್ಟು ಬಿರಿದು, ಒಳಗಿನ ಹಳದಿ ನೂಲು ಜುಂಗುಜುಂಗಾಗಿ ಹೊರಚೆಲ್ಲಿದೆ.

1990ರ ದಶಕದ ಕೊನೆಯಲ್ಲಿ, ಕೊಂಕಣದ ಖಾಡಿಯೊಂದನ್ನು ದಾಟುವ 220 ಕಿಲೋವೋಲ್ಟ್ ಮಾರ್ಗದ ಗೋಪುರಗಳಿಗೆ ಈ ಕೇಬಲನ್ನು ಕಟ್ಟಿಸಿದವರು ಅವರೇ. ಲೋಹದ ಸೋಂಕೇ ಇಲ್ಲದ ರಚನೆ ಅದು: ನಡುವೆ ಬೆಳಕಿನ ಸಂದೇಶವನ್ನು ಒಯ್ಯುವ ಗಾಜಿನ ನಾರುಗಳು, ಸುತ್ತಲೂ ಭಾರ ಹೊರುವ ಅರಾಮಿಡ್ ನೂಲು, ಮೇಲೆ ಪಾಲಿಥೀನ್ ಹೊದಿಕೆ. ದೋಣಿಗಳ ಹಾಯಿಕಂಬಕ್ಕೆ ತಾಗದಿರಲೆಂದು ನಕ್ಷೆಯಲ್ಲಿದ್ದುದಕ್ಕಿಂತ ಮೇಲಕ್ಕೆ, ವಿದ್ಯುತ್ ತಂತಿಗಳ ಸಮೀಪಕ್ಕೆ, ಅದನ್ನು ಏರಿಸಿದ ನಿರ್ಧಾರವೂ ಅವರದೇ.

ಎರಡನೆಯ ಚಳಿಗಾಲದಲ್ಲಿ ಬೆಳಗಾವಿ ಕಡೆಯ ಲೈನ್‌ಮನ್ ಒಬ್ಬ ಬಂದು ಹೇಳಿದ: "ಸಾಹೇಬ್ರ, ನಸುಕಿನ್ಯಾಗ ಆ ಪ್ಲಾಸ್ಟಿಕ್ ಹಗ್ಗ ಚಿಟಿಚಿಟಿ ಅಂತೈತ್ರಿ. ಟವರಿನ ಹಂತ್ಯಾಕ ನೀಲಿ ಬೆಳಕ ಕಾಣತೈತಿ."

"ಕರೆಂಟ ಹರಿಯದ ಹಗ್ಗಕ್ಕ ಕಿಡಿ ಎಲ್ಲಿಂದ ಬರಬೇಕಪಾ?" ಎಂದು ಅವರು ನಕ್ಕರು.

ಕಿಡಿ ಬರುವ ದಾರಿ ಸೂಕ್ಷ್ಮವಾದುದು. ಕೊಂಕಣದ ಜಡಿಮಳೆ ಇಂಥ ಕೇಬಲಿಗೆ ಅಭ್ಯಂಗವಿದ್ದಂತೆ. ಆಪತ್ತು ಬರುವುದು ಮಳೆಗಾಲ ಮುಗಿದ ಮೇಲೆ. ಕಡಲಗಾಳಿ ತಂದ ಉಪ್ಪು ಹೊದಿಕೆಯ ಮೇಲೆ ಕೂರುತ್ತದೆ, ನಸುಕಿನ ಇಬ್ಬನಿ ಅದನ್ನು ನೆನೆಸುತ್ತದೆ. ಪ್ಲಾಸ್ಟಿಕ್ಕು ನಿರ್ದೋಷಿಯೇ, ಆದರೆ ಅದರ ಮೈಮೇಲಿನ ಉಪ್ಪುನೀರಿನ ಪೊರೆ ವಾಹಕವಾಗುತ್ತದೆ. ಮೇಲಿನ ತಂತಿಗಳು ಮುಟ್ಟದೆಯೇ, ನಡುವಿನ ಗಾಳಿಯ ಮೂಲಕವೇ, ಆ ಪೊರೆಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತವೆ. ಅದು ನೆಲಕ್ಕಿಳಿಯಲು ಗೋಪುರದತ್ತ ಹರಿಯುತ್ತದೆ. ಪ್ರಮಾಣ ಕೆಲವೇ ಮಿಲಿಆಂಪಿಯರ್. ಗೋಪುರ ಸಮೀಪಿಸಿದಂತೆ ಹರಿವು ಹೆಚ್ಚಿ, ಕೇಬಲನ್ನು ಹಿಡಿದ ಲೋಹದ ಹಿಡಿಕೆಯ ಬಳಿ ಪೊರೆ ಬಿಸಿಯಾಗಿ, ಒಂದು ಪಟ್ಟಿಯಷ್ಟು ಜಾಗ ಒಣಗುತ್ತದೆ. ಹರಿವು ಕಡಿದ ಆ ಒಣಪಟ್ಟಿಯ ಎರಡು ಅಂಚುಗಳ ನಡುವೆ ಸಾವಿರಾರು ವೋಲ್ಟು ನಿಂತು ಕಿಡಿ ಹಾರುತ್ತದೆ. ಹೊದಿಕೆ ದಿನದಿನವೂ ಇಷ್ಟಿಷ್ಟೇ ಸವೆಯುತ್ತದೆ. ಬಿಸಿಲೇರಿದೊಡನೆ ಎಲ್ಲವೂ ಶಾಂತ. ಹನ್ನೊಂದು ಗಂಟೆಗೆ ಜೀಪಿನಲ್ಲಿ ಬರುವ ಅಧಿಕಾರಿಗೆ ಏನು ಕಂಡೀತು?

ಮೂರನೆಯ ಚಳಿಗಾಲದಲ್ಲಿ ಕೇಬಲು ಗೋಪುರದ ಬಳಿಯೇ ಕಡಿದು ಖಾಡಿಗೆ ಬಿತ್ತು. ಕಟ್ಟುವಾಗ ಹೊದಿಕೆಗೆ ಗೀರು ಬಿದ್ದಿರಬೇಕೆಂದು ಅವರು ವರದಿ ಬರೆದರು. ಕಟ್ಟಿದ ತಂಡದಲ್ಲಿ ಆ ಲೈನ್‌ಮನ್ನನೂ ಇದ್ದ. ಅವನ ಒಂದು ವರ್ಷದ ಇನ್‌ಕ್ರಿಮೆಂಟು ನಿಂತಿತು.

ವರ್ಷಗಳ ತರುವಾಯ, ಗ್ರಂಥಾಲಯದಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ, ಕಾರ್ಟರ್ ಮತ್ತು ವಾಲ್ಡ್ರನ್ ಎಂಬವರು 1992ರಲ್ಲಿಯೇ ಪ್ರಕಟಿಸಿದ್ದ ಲೇಖನ ಅವರ ಕೈಗೆ ಬಂದಿತು. ಒಣಪಟ್ಟಿಯ ಕಿಡಿಯ ಗಣಿತ ಅಲ್ಲಿತ್ತು. ಕೇಬಲು ಕಟ್ಟುವ ಮೊದಲೇ ಅದು ಅಚ್ಚಾಗಿತ್ತು. ತಮ್ಮ ಗೋಪುರದ ಅಳತೆಗಳನ್ನಿಟ್ಟು ಅವರು ಲೆಕ್ಕ ಹಾಕಿದರು. ಕೇಬಲು ತೂಗುವ ಜಾಗದ ವಿದ್ಯುತ್ ವಿಭವ, ಸಾಮಾನ್ಯ ಪಾಲಿಥೀನ್ ಹೊದಿಕೆಗೆ 12 ಕಿಲೋವೋಲ್ಟನ್ನು ಮೀರಬಾರದೆಂಬುದು ಇಂದು ರೂಢಿಯಲ್ಲಿರುವ ಮಿತಿ. ಕಿಡಿಯನ್ನು ತಾಳುವ ವಿಶೇಷ ಹೊದಿಕೆಗೂ 25ರ ಆಸುಪಾಸು. ನಕ್ಷೆಯಲ್ಲಿದ್ದ ಜಾಗ 12ರ ಒಳಗಿತ್ತು. ಅವರು ಏರಿಸಿದ ಜಾಗ ಇರಲಿಲ್ಲ.

ವರದಿಯನ್ನು ತಿದ್ದಬೇಕೆಂದು ಕಚೇರಿಗೆ ಬರೆದರು. ಕಡತ ಮುಗಿದಿದೆಯೆಂಬ ಉತ್ತರ ಬಂದಿತು. ಆಗ ಅವರು ಲೈನ್‌ಮನ್ನನ ಊರಿಗೆ ಹೋದರು. ಆತ ನಿವೃತ್ತನಾಗಿದ್ದ. ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಚಿಟಿಚಿಟಿ ಅಂದದ್ದು ಖರೇನ ಐತಲ್ರಿ?" ಎಂದ. ಒಳಗೆ ಹೋಗಿ ಟ್ರಂಕಿನ ತಳದಿಂದ ಈ ತುಂಡನ್ನು ತಂದು ಅವರ ಕೈಯಲ್ಲಿಟ್ಟ. ಕೇಬಲು ಬಿದ್ದ ದಿನವೇ ಕೊಯ್ದಿಟ್ಟುಕೊಂಡಿದ್ದನಂತೆ. ಯಾರಾದರೂ ಕೇಳಿದರೆ ತೋರಿಸೋಣವೆಂದು.